ನಲವತ್ತು ಸಂಪುಟ ನೋಡಿಬಂದ ಬೈಂಡಿಂಗ್ ಅಕ್ಕ

ಬೆಳಗಿನ ಐದೂವರೆ. ಹಾಲಿನ ವ್ಯಾನು ಬಿಟ್ಟರೆ ಬೀದಿಯಲ್ಲಿ ಬೇರೆ ಸದ್ದಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ದೀಪ ಹಾಕಿಕೊಂಡು ಬೈಂಡಿಂಗ್ ಅಕ್ಕ ಒಂದು ರಟ್ಟಿನ ಹಾಳೆಯನ್ನು ಮೆಲ್ಲಗೆ ಬಗ್ಗಿಸಿ ನೋಡುತ್ತಿದ್ದಾರೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ರಟ್ಟಿನ ನಾರು ಯಾವ ದಿಕ್ಕಿಗೆ ಓಡಿದೆ ಎಂದು ಅವರ ಕೈಗೇ ತಿಳಿಯುತ್ತದೆ. ಆ ನಾರು ಪುಸ್ತಕದ ಬೆನ್ನಿನ ಉದ್ದಕ್ಕೆ, ಮೇಲಿಂದ ಕೆಳಕ್ಕೆ ಬರುವಂತೆ ಕತ್ತರಿಸಬೇಕು. ಅಡ್ಡ ಕತ್ತರಿಸಿದರೆ ಅಂದಿಗೇನೂ ಕಾಣುವುದಿಲ್ಲ; ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಹೊದಿಕೆ ಸೊಟ್ಟಗಾಗುತ್ತದೆ.

ಪುಸ್ತಕ ಬರೆದವರ ಹೆಸರು ಮೇಲೆಯೇ ಇರುತ್ತದೆ, ಅಚ್ಚು ಹಾಕಿದವರದು ಒಳಪುಟದಲ್ಲಿ. ಹೊಲಿದವರ ಹೆಸರು ಹುಡುಕಿದರೂ ಸಿಗುವುದಿಲ್ಲ. ಅಕ್ಕ ಮೂವತ್ತೊಂದು ವರ್ಷದಿಂದ ಹೊಲಿಯುತ್ತಿದ್ದಾರೆ. ಒಂದು ಪುಸ್ತಕದ ಹೊಲಿಗೆಗೆ ಮುಕ್ಕಾಲು ಗಂಟೆ, ಕೈ ಓಡಿದ ದಿನ ಆರು ಪುಸ್ತಕ. ಸೂಜಿ ಚುಚ್ಚಿಸಿಕೊಂಡು ಅವರ ಹೆಬ್ಬೆರಳು ಜಡ್ಡುಗಟ್ಟಿದೆ.

ಮದುವೆಯಾಗಿ ಬಂದಾಗ ಅವರಿಗೆ ಗುಂಡಿ ಹಚ್ಚುವುದಷ್ಟೇ ಗೊತ್ತಿತ್ತು. ಬೈಂಡಿಂಗ್ ಮಾವನ ಕಸುಬು. ಯಜಮಾನರಿಗೆ ಅಂಟಿನ ವಾಸನೆಯೇ ಆಗದು, ಅವರು ಲಾರಿ ಓಡಿಸಲು ಹೋದರು. ಮಗ ಕಲಿಯುತ್ತಾನೆಂಬ ಆಸೆ ಬಿಟ್ಟ ಮಾವ ಸೊಸೆಯ ಕೈಗೆ ಸೂಜಿ ಕೊಟ್ಟರು. ಚೆನ್ನಾಗಿದೆ ಎಂಬ ಮಾತು ಆ ಮಾವನ ಬಾಯಲ್ಲಿ ಬಂದದ್ದನ್ನು ಮನೆಯಲ್ಲಿ ಯಾರೂ ಕೇಳಿಲ್ಲ.

“ಮೊದಲನೇ ವರ್ಷ ನಾನು ಹೊಲಿದಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ,” ಎಂದು ಅಕ್ಕ ನಗುತ್ತಾರೆ.

ಬಸ್ಸಿನಲ್ಲಿ ಮೂರು ಗಂಟೆ ದೂರದಲ್ಲಿ ಹಳೆಯದೊಂದು ವಿಶ್ವವಿದ್ಯಾಲಯದ ನಗರವಿದೆ. ಅಲ್ಲಿನ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು ಸಂಪುಟ ಕಟ್ಟಿಸಲು ಇಲ್ಲಿಗೇ ಕಳಿಸುತ್ತಿತ್ತು. ಪಾರ್ಸೆಲ್ ಬರುತ್ತಿತ್ತು, ಹೋಗುತ್ತಿತ್ತು. ಅಕ್ಕ ಮಾತ್ರ ಒಮ್ಮೆಯೂ ಹೋದವರಲ್ಲ. ಇಪ್ಪತ್ತೆರಡು ವರ್ಷದ ಹಿಂದೆ, ಮಾವ ಕಣ್ಣಿನ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದ್ದ ವಾರ, ನಲವತ್ತು ಸಂಪುಟ ತುರ್ತಾಗಿ ಬೇಕೆಂದು ಬಂತು. ಅಕ್ಕ ಹಗಲೆಲ್ಲ ಕೂತು ಹೊಲಿದರು. ಅವಸರದಲ್ಲಿ ರಟ್ಟನ್ನು ಅಡ್ಡ ಇಟ್ಟು ಕತ್ತರಿಸಿಬಿಟ್ಟರು. ಪಾರ್ಸೆಲ್ ಹೋದ ಮೇಲೆ, ಉಳಿದ ತುಂಡೊಂದನ್ನು ಎತ್ತಿಡುವಾಗ ಸುಮ್ಮನೆ ಬಗ್ಗಿಸಿ ನೋಡಿದರು. ನಾರು ಅಡ್ಡಕ್ಕೆ ಓಡಿತ್ತು.

ಮಾವನಿಗೆ ಹೇಳಲಿಲ್ಲ. ಗ್ರಂಥಾಲಯದವರೂ ತಕರಾರು ಮಾಡಲಿಲ್ಲ. “ಬೈದಿದ್ರೆ ಅವತ್ತೇ ಮುಗಿದುಹೋಗ್ತಿತ್ತು. ಅವರು ಏನೂ ಅನ್ಲಿಲ್ಲ ನೋಡಿ, ಅದೇ ಒಳಗೊಳಗೇ ಕೊರೀತಿತ್ತು.”

ಹೋದ ವರ್ಷ ಗ್ರಂಥಾಲಯದಿಂದ ಕಾಗದ ಬಂತು: ಪತ್ರಿಕೆಗಳೆಲ್ಲ ಇನ್ನು ಕಂಪ್ಯೂಟರಿನಲ್ಲಿ, ಬೈಂಡಿಂಗ್ ಬೇಡ. ಈಗ ಬಿಟ್ಟರೆ ಇನ್ನೆಂದೂ ಆಗದೆಂದು ಅಕ್ಕನಿಗೆ ಅನಿಸಿತು. ಹೊರಗೆ ಸ್ವಲ್ಪ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ, ಊಟದ ಡಬ್ಬಿ ಕಟ್ಟಿಕೊಂಡು, ಆರು ಗಂಟೆಯ ಬಸ್ಸಿಗೆ ಒಬ್ಬರೇ ಹತ್ತಿದರು.

ಆ ಊರಿಗೆ ಬಂದವರೆಲ್ಲ ಗಡಿಯಾರದ ಗೋಪುರಕ್ಕೆ ಕತ್ತೆತ್ತಿ ಫೋಟೊ ತೆಗೆಯುತ್ತಿದ್ದರೆ, ಅಕ್ಕ ಗ್ರಂಥಾಲಯದ ದಾರಿ ಕೇಳುತ್ತಾ ನಡೆದರು. ಕಲ್ಲಿನ ಕಮಾನು, ವಿದ್ಯಾರ್ಥಿಗಳು ತುಳಿದು ತುಳಿದು ನಡುವೆ ತಗ್ಗಾದ ಮೆಟ್ಟಿಲು ಯಾವುದೂ ಅವರ ಕಣ್ಣಿಗೆ ನಿಲ್ಲಲಿಲ್ಲ. ಬಾಗಿಲಲ್ಲಿ ಕಾವಲಿನವನು ಕಾರ್ಡು ಕೇಳಿದ. “ಓದೋಕೆ ಬಂದಿಲ್ಲಪ್ಪ, ಹೊದಿಕೆ ನೋಡೋಕೆ ಬಂದಿದ್ದೀನಿ,” ಎಂದರು. ಅವನು ಇವರನ್ನು ಮೇಲಿಂದ ಕೆಳಗೆ ನೋಡಿ, ಇದು ತನ್ನ ಕೈಲಾಗುವ ವ್ಯವಹಾರವಲ್ಲವೆಂದು, ಪುಸ್ತಕದ ಕಪಾಟುಗಳನ್ನು ನೋಡಿಕೊಳ್ಳುವ ಹಿರಿಯರನ್ನು ಕರೆದ.

ಅವರು ನೆಲಮಾಳಿಗೆಗೆ ಕರೆದೊಯ್ದರು. ನಲವತ್ತೂ ಒಂದೇ ಸಾಲಿನಲ್ಲಿದ್ದವು. ನಲವತ್ತಕ್ಕೆ ನಲವತ್ತೂ ಸೊಟ್ಟಗಾಗಿದ್ದವು. ಅಕ್ಕ ಒಂದರ ಹೊದಿಕೆಯ ಮೇಲೆ ಕೈಯಾಡಿಸಿದರು. ಮುಚ್ಚಿಟ್ಟುಕೊಂಡದ್ದನ್ನೆಲ್ಲ ಗುರುತಿಲ್ಲದ ಆ ಹಿರಿಯರ ಮುಂದೆ ಒಪ್ಪಿಸಿಬಿಟ್ಟರು. ನೆಲಮಾಳಿಗೆಯ ತೇವಕ್ಕೆ ಹೀಗಾಗಿದೆ ಎಂದೇ ಅವರು ಇಷ್ಟು ವರ್ಷ ನಂಬಿದ್ದರಂತೆ. ಒಂದು ಸಂಪುಟ ತೆಗೆದು, ನಡುವೆ ತೆರೆದು, ತಲೆಕೆಳಗು ಹಿಡಿದು ಅಲ್ಲಾಡಿಸಿದರು.

“ಇಪ್ಪತ್ತೆರಡು ವರ್ಷದಿಂದ ಹುಡುಗರು ಇವನ್ನ ಎಳೆದಾಡಿದ್ದಾರೆ, ಅಮ್ಮ. ಬೇರೆ ಕಡೆ ಕಟ್ಟಿಸಿದ್ದು ಹಾಳೆ ಹಾಳೆಯಾಗಿ ನನ್ನ ಕೈಗೆ ಬರುತ್ತೆ. ಇದರಲ್ಲಿ ಒಂದು ಹಾಳೆ ಕಳಚಿಲ್ಲ.”

ಅಕ್ಕ ಒಂದು ಕಾಗದ ಕೇಳಿ ಪಡೆದರು. ವಿದ್ವಾಂಸರು ಕೂರುವ ಮೇಜಿನ ಮುಂದೆಯೇ ಕೂತು ಅರ್ಜಿ ಬರೆದರು: ತಪ್ಪು ನನ್ನದು, ನಲವತ್ತನ್ನೂ ಕಳಿಸಿಕೊಡಿ, ಹೊದಿಕೆ ಬದಲಿಸಿಕೊಡುತ್ತೇನೆ, ಹಣ ಬೇಡ. ಸಂಜೆ ಮನೆಗೆ ಬಂದು ಮಾವನ ಎದುರು ಕೂತು ಎಲ್ಲವನ್ನೂ ಹೇಳಿದರು. ಮಾವನಿಗೆ ಈಗ ಎಂಬತ್ತನಾಲ್ಕು, ಕಣ್ಣು ಪೂರ್ತಿ ಮಂಜು. ಅವರು ಒಂದೇ ಪ್ರಶ್ನೆ ಕೇಳಿದರು.

“ಹೊಲಿಗೆ?”

“ಒಂದೂ ಬಿಟ್ಟಿಲ್ಲ, ಮಾವ.”

“ಮತ್ತೇನು? ರಟ್ಟು ಬದಲಾಯ್ಸು. ಇಷ್ಟಕ್ಕೆ ಇಪ್ಪತ್ತೆರಡು ವರ್ಷ ಒಬ್ಬಳೇ ಒದ್ದಾಡಿದ್ಯಾ?”

ಅರ್ಜಿ ಮಂಜೂರಾಗಿ ಕಳೆದ ತಿಂಗಳು ಪೆಟ್ಟಿಗೆಗಳು ಬಂದಿವೆ. ಪ್ರಬಂಧ ಕಟ್ಟಿಸಲು ಬರುವವರ ಕೆಲಸದ ನಡುವೆ ದಿನಕ್ಕೆರಡು ಮುಗಿಯುತ್ತಿವೆ. ಈ ಬೆಳಿಗ್ಗೆ ಇಪ್ಪತ್ತಾರನೆಯದು. ಸೊಟ್ಟ ಹೊದಿಕೆ ಕಿತ್ತ ಪುಸ್ತಕವನ್ನು ಅಕ್ಕ ಬೆಳಕಿಗೆ ಹಿಡಿಯುತ್ತಾರೆ; ಬೆನ್ನಿನ ಮೇಲೆ ಬಿಳಿ ದಾರ ಸಾಲು ತಪ್ಪದೆ ಕೂತಿದೆ.

“ರಟ್ಟು ಹೊಸದು, ಬಟ್ಟೆ ಹೊಸದು,” ಎನ್ನುತ್ತಾರೆ ಅಕ್ಕ. “ಹೊಲಿಗೆ ಮಾತ್ರ ಅವತ್ತಿನ ನಂದೇ. ಮುಟ್ಟೋ ಅಗತ್ಯ ಬರ್ಲಿಲ್ಲ.”