ಹಾವಿನ ಮನೆಯ ಹಕಾರ

ಕೊಳ್ಳೇಗಾಲದಲ್ಲಿ ಹೊಸ ಮನೆ ಕಟ್ಟಿದಾಗ, ಬಾಗಿಲ ಮೇಲಿನ ಕಲ್ಲಿನಲ್ಲಿ ಮನೆತನದ ಹೆಸರು ಕೊರೆಸಬೇಕೆಂದು ಅಪ್ಪ ಹಟ ಹಿಡಿದರು. ಯಾವ ಅಕ್ಷರದಿಂದ ಶುರು ಎಂಬುದೇ ತಕರಾರು. ನಮ್ಮ ಊರು ಮದರಾಸಿಗೆ ಸೇರಿದ್ದ ಕಾಲದಲ್ಲಿ ತಮಿಳಿನ ಮೇಷ್ಟರೊಬ್ಬರು ಕೇಳಿಸಿದ್ದನ್ನು ಕೇಳಿಸಿದ ಹಾಗೆ, ಇಂಗ್ಲಿಷಿನ ‘ಎ’ಯಿಂದ ಶುರುಮಾಡಿ ಮನೆತನದ ಹೆಸರನ್ನು ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರಿನ ಹಿಂದೆ ಬರೆದಿದ್ದರು. ಐವತ್ತಾರರಲ್ಲಿ ನಾವು ಮೈಸೂರಿಗೆ ಸೇರಿದ ಮೇಲೆ ನನ್ನ ಮೇಷ್ಟರು ಅದನ್ನೇ ಕನ್ನಡಕ್ಕೆ ಇಳಿಸಿ ‘ಅವಿನ’ ಮಾಡಿದರು. ಮೊದಲಿನಿಂದಲೂ ಮೈಸೂರಿನವರೇ ಆಗಿದ್ದ ಯಳಂದೂರು ಕಡೆಯ ಅಗರದ ದಾಯಾದಿಗಳು ಮಾತ್ರ ‘ಹಾವಿನ’ ಎಂದು ಬರೆಯುತ್ತಿದ್ದರು.

ನಾನು ಬಿ.ಎ. ಕನ್ನಡ. ಹಳಗನ್ನಡದಲ್ಲಿ ಆವು ಎಂದರೆ ಹಸು. ನಮ್ಮ ಮೂಲದವರು ಲೊಕ್ಕನಹಳ್ಳಿಯಲ್ಲಿ ದನ ಸಾಕಿದವರು. ಇನ್ನೇನು ಬೇಕು? ನಮ್ಮದು ‘ಆವಿನ ಮನೆ’. ಅಗರದವರು ಶುದ್ಧವಾಗಿ ಬರೆಯುವ ಭರದಲ್ಲಿ ಇಲ್ಲದ ಹಕಾರ ಸೇರಿಸಿದ್ದಾರೆ ಎಂದು ತೀರ್ಪು ಕೊಟ್ಟೆ. ಅಪ್ಪ ಒಪ್ಪಲಿಲ್ಲ. “ಲೊಕ್ಕನಹಳ್ಳಿ ಅಜ್ಜಿನ ಕೇಳ್ಕಂಡ್ ಬಾ, ಆಮೇಲೆ ಕೊರ್ಸದು” ಅಂದರು.

ತಾತನ ತಂಗಿ ಆ ಅಜ್ಜಿ. ನಾನು ಹೋದಾಗ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಹುಲ್ಲಿನ ರಾಶಿಯ ಪಕ್ಕದಲ್ಲಿ ನಿಂತು ಕೇಳಿದೆ: “ಅಜ್ಜಿ, ನಮ್ಮ ಮನೆ ಹೆಸರಲ್ಲಿ ಇರೋದು ಏನು?”

ಅಜ್ಜಿ ತಲೆಯೆತ್ತಿದಳು. ಕಣ್ಣು ಅಗಲವಾಯಿತು. “ಆವು!”

“ನಾನೂ ಅದನ್ನೇ ಹೇಳಿದ್ದು!”

“ಆವು ಕಣ್ಲಾ! ಆವು!”

ನಕ್ಕೆ. ಪಕ್ಕದಲ್ಲೇ ಬುಸ್ಸೆಂದ ಸದ್ದು, ತಿದಿ ಒತ್ತಿದ ಹಾಗೆ. ಹಸು ಉಸಿರುಬಿಟ್ಟಿತು ಅಂದುಕೊಂಡು ಅದರ ಬೆನ್ನು ಸವರಲು ಒಂದು ಕಾಲು ಎತ್ತಿದೆ.

“ಕಾಲ್ ಊರ್ಬ್ಯಾಡ ಕಣ್ಲಾ!”

ಎತ್ತಿದ ಕಾಲಿನ ಕೆಳಗೆ, ಹುಲ್ಲಿನ ಬಣ್ಣದಲ್ಲೇ ಸುರುಳಿ ಸುತ್ತಿಕೊಂಡಿತ್ತು ಕೊಳಕುಮಂಡಲ. ಕುತ್ತಿಗೆ ಹಿಂದಕ್ಕೆ ಎಳೆದುಕೊಂಡಿತ್ತು. ಒಂಟಿಕಾಲಲ್ಲಿ ಹಾಗೇ ನಿಂತೆ. ಅಜ್ಜಿ ಸಗಣಿ ಸಮೇತ ಮಂಕರಿ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿ, ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು.

ಜಗುಲಿಯ ಮೇಲೆ ಕೂರಿಸಿ ನೀರು ಕೊಟ್ಟಳು.

“ಆವು ಅಂದ್ರೆ ನಕ್ಕಂಡ್ ನಿಂತವ್ನೆ, ಓದ್ದೋನು! ಕಿವಿಯ ಕೊಳ್ಳೇಗಾಲದಲ್ಲೇ ಬುಟ್ಬುಟ್ ಬಂದಿದ್ದೀಯಾ?”

“ಹಸು ಅಂದ್ಕೊಂಡೆ, ಅಜ್ಜಿ.”

“ಅಸೂಗೆ ಅಸ ಅನ್ನಕಿಲ್ವಾ? ನಮ್ ಮುತ್ತಾತ ಆವ್ ಕಡ್ದೋರ್ಗೆ ಬೇರು ತೇದ್ ಕೊಡ್ತಿದ್ದ. ಅದ್ಕೇ ನಾವು ಆವಿನೋರು. ಓಗು, ನಿಮ್ಮಪ್ಪಂಗೇಳು.”

ಈಗಲೂ ಒಣಹುಲ್ಲು ಕಂಡರೆ ನನ್ನ ಕಾಲು ಅರ್ಧಕ್ಕೇ ನಿಲ್ಲುತ್ತದೆ. ಎಷ್ಟು ಸಲ ನೆನೆದರೂ ಆ ಕಾಲು ಇನ್ನೂ ಮೇಲೆಯೇ ಇದೆ, ನಾನು ಇನ್ನೂ ನಗುತ್ತಲೇ ಇದ್ದೇನೆ. ಆದರೆ ಹೆಸರಿನ ವಿಷಯದಲ್ಲಿ ಇನ್ನು ನನ್ನನ್ನು ಯಾರೂ ಅಲ್ಲಾಡಿಸಲಾರರು. ಕಲ್ಲು ಕೊರೆಯುವವನ ಮುಂದೆ ನಿಂತು, “ಹಕಾರ ಆಳವಾಗಿ ಹೊಡಿ” ಎಂದು ಹೇಳಿ ಕೊರೆಸಿದೆ.

ಅವನು ಕೆಲಸ ಮುಗಿಸಿ, ಪುಡಿ ಊದಿ, ತಾನೇ ಆಳವಾಗಿ ಕೊರೆದ ಹಕಾರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದ: “ಆವಿನ ಮನೆ. ಸರೀನಾ ಸಾ?”

ಸರಿ ಅಂದೆ. ಅನ್ನುವ ಮೊದಲು ಒಮ್ಮೆ ಕಾಲ ಕೆಳಗೆ ನೋಡಿಕೊಂಡೆ.