ಭೋಜರಾಜರು ದನಿಯನ್ನು ಕಿತ್ತು ಮತ್ತೆ ಹಾಕಿದ್ದು

ಚೆನ್ನೈಯ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದ ಭೋಜರಾಜರಿಗೆ ಕಣ್ಣು ಕಾಣುವುದಿಲ್ಲ. ಗದಗಿನಲ್ಲಿ ಏಳನೆಯ ವಯಸ್ಸಿಗೆ ಬಂದ ಜ್ವರ ದೃಷ್ಟಿಯನ್ನು ತೆಗೆದುಕೊಂಡು ಹೋಯಿತು. ಆರುನೂರು ಎಕ್ಸ್‌ಟೆನ್ಷನ್ ನಂಬರು ಬಾಯಿಪಾಠವಿದ್ದ ಮನುಷ್ಯ. ಆದರೆ ಊರಿನಿಂದ ತಾಯಿ ಬರೆಸಿದ ಕಾಗದ ಬಂದರೆ, ಓದಿ ಹೇಳಲು ಯಾರಿಗಾದರೂ ಬಿಡುವಾಗುವವರೆಗೆ ಜೇಬಿನಲ್ಲಿಟ್ಟುಕೊಂಡು ತಿರುಗಬೇಕಿತ್ತು. ಒಮ್ಮೆ ಹನ್ನೊಂದು ದಿನ ಹಾಗೆ ತಿರುಗಿದ್ದರು.

ನಿವೃತ್ತಿಯಾದ ಮೇಲೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿದ ಹಳೆಯ ಲ್ಯಾಪ್‌ಟಾಪೊಂದು ಮನೆಗೆ ಬಂತು. ಪರದೆಯ ಮೇಲಿನದನ್ನೆಲ್ಲ ಓದಿ ಹೇಳುವ ದನಿಯೂ ಬಂತು. ಅದನ್ನು ಎಂಥ ವೇಗಕ್ಕೆ ಇಟ್ಟಿದ್ದರೆಂದರೆ ಹೆಂಡತಿ ಅನಸೂಯಮ್ಮನಿಗೆ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಕೇಳುತ್ತಿತ್ತು, ಅಷ್ಟೆ. ಭೋಜರಾಜರು ಮಾತ್ರ ದಿನಪತ್ರಿಕೆ, ಬ್ಯಾಂಕಿನ ಪತ್ರ, ಪುರಾಣ ಎಲ್ಲವನ್ನೂ ಯಾರ ಹಂಗೂ ಇಲ್ಲದೆ ಓದಿದರು.

ಮೊನ್ನೆ ಬುಧವಾರ ಬೆಳಿಗ್ಗೆ ಇನ್ನೂ ಚೆಂದದ ದನಿ ಬೇಕೆನ್ನಿಸಿ, ಹಳೆಯ ದನಿಯ ತಂತ್ರಾಂಶವಿದ್ದ ಪ್ಯಾಕೇಜನ್ನು ತೆಗೆಯುವ ಆಜ್ಞೆ ಟೈಪು ಮಾಡಿದರು. ಇದರ ಜೊತೆ ಇನ್ನೇನೇನು ಹೋಗುತ್ತದೆ ಎಂದು ಯಂತ್ರ ಪಾಪ, ಪ್ರಾಮಾಣಿಕವಾಗಿ ಪಟ್ಟಿ ಓದತೊಡಗಿತು. ಕೇಳುವ ತಾಳ್ಮೆ ಯಾರಿಗಿದೆ? ಅರ್ಧಕ್ಕೇ, ಒಪ್ಪಿಗೆಯೆಂದು ‘ವೈ’ ಒತ್ತಿದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಓದಿ ಹೇಳುವ ಇಡೀ ಏರ್ಪಾಟೇ ಆ ಪಟ್ಟಿಯ ಕೊನೆಯಲ್ಲಿತ್ತು. ದನಿ ಮಾತಿನ ನಡುವೆಯೇ ನಿಂತುಹೋಯಿತು.

ಅನಸೂಯಮ್ಮ ಗಾಬರಿಯಾಗಿ ಮಗಳು ಶ್ರೀಯಾಗೆ ಫೋನು ಮಾಡಿದರು. ಆಫೀಸಿನಲ್ಲಿದ್ದ ಅವಳು ಎಂದಿನಂತೆ ತಮಿಳಿನಲ್ಲೇ, ಶನಿವಾರ ಬಂದು ಸರಿಮಾಡುತ್ತೇನೆ ಎಂದಳು. ಶನಿವಾರವೆಂದರೆ ಮತ್ತೆ ಇನ್ನೊಬ್ಬರ ಬಿಡುವಿಗೆ ಕಾಯುವುದು. ಭೋಜರಾಜರ ಮುಖ ಸಣ್ಣದಾಯಿತು. ಪರದೆಯ ಮೇಲಿನ ಇಂಗ್ಲಿಷನ್ನು ತಾನೇ ಓದಿ ಹೇಳುತ್ತೇನೆಂದು ಅನಸೂಯಮ್ಮ ಬಗ್ಗಿದರು.

“ಬ್ಯಾಡ ಮಾ. ಏನೂ ಹೇಳಬ್ಯಾಡ, ಸುಮ್ನ ಕೂಡು,” ಎಂದರು ಭೋಜರಾಜರು.

ಕಿತ್ತದ್ದನ್ನು ಮತ್ತೆ ಹಾಕಲು ಬೇಕಾದದ್ದು ಒಂದೇ ಸಾಲು. ಅದರಲ್ಲಿ ಒಂದಕ್ಷರ ತಪ್ಪಿದರೂ ಯಂತ್ರ ಜಪ್ಪಯ್ಯ ಎನ್ನುವುದಿಲ್ಲ. ಭೋಜರಾಜರು ಟೈಪು ಮಾಡಿದರು. ಅಂಥ ಹೆಸರಿನ ಪ್ಯಾಕೇಜೇ ಇಲ್ಲ ಎಂದು ಪರದೆಯಲ್ಲಿ ಮೂಡಿದ್ದು ಅನಸೂಯಮ್ಮನಿಗೆ ಕಂಡಿತು. ತುಟಿಗೆ ಬಂದ ಮಾತನ್ನು ಕಷ್ಟಪಟ್ಟು ನುಂಗಿಕೊಂಡರು.

ಭೋಜರಾಜರು ಲ್ಯಾಪ್‌ಟಾಪಿನ ಪಕ್ಕಕ್ಕೆ ಅಂಗೈ ಇಟ್ಟು ಕಾದರು.

“ಕೆಲಸ ಸುರುವಾದ್ರ ಒಳಗಿನ ಫ್ಯಾನ್ ಏಳಬೇಕಿತ್ತು, ಏಳವಲ್ದು. ಎಲ್ಲೋ ಅಕ್ಷರ ತಪ್ಪೇತಿ.”

ಮತ್ತೆ ಮೊದಲಿಂದ, ಒಂದೊಂದೇ ಕೀಲಿಯನ್ನು ತಡವಿ ಒತ್ತಿದರು. ಮುಂದುವರಿಯಲೇ ಎಂದು ಯಂತ್ರ ಪರದೆಯ ಮೇಲೆ ಕೇಳಿತು. ಈಗ ಒಪ್ಪಿಗೆ ಕೇಳಿರಬೇಕು ಎಂದು ಗೊಣಗಿ ಭೋಜರಾಜರು ‘ವೈ’ ಒತ್ತಿದರು. ಪರದೆಯ ಮೇಲೆ ಸಾಲುಗಳು ಧಾರಾಕಾರ ಹರಿದವು, ಒಳಗಿನ ಫ್ಯಾನ್ ಎದ್ದಿತು. ಅನಸೂಯಮ್ಮ ಪರದೆ ಬಿಟ್ಟು ಗಂಡನ ಮುಖ ನೋಡಿದರು. ಮೂವತ್ತೊಂದು ವರ್ಷದಿಂದ ತಾನು ಕೈ ಹಿಡಿದು ರಸ್ತೆ ದಾಟಿಸುತ್ತಿರುವ ಮನುಷ್ಯ ಇವರೇನಾ? ಕಣ್ಣಿದ್ದೂ ತನಗೆ ತಲೆಬುಡ ತಿಳಿಯದು. ಅವರಿಗೋ ಯಾವುದು ಎಲ್ಲಿ ಹೋಗಿ ಕೂರುತ್ತಿದೆ ಎಂಬುದೆಲ್ಲ ಗೊತ್ತು. ಇಂಥವರ ಜೊತೆ ಬಾಳುತ್ತಿದ್ದೇನೆ ಎಂದು ಅನಸೂಯಮ್ಮನಿಗೆ ಭಕ್ತಿಯಂಥದ್ದೇನೋ ಉಕ್ಕಿ ಬಂತು.

ಫ್ಯಾನಿನ ಸದ್ದು ಇಳಿಯಿತು. ಭೋಜರಾಜರು ದನಿಯನ್ನು ಎಬ್ಬಿಸುವ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರು. ಕ್ಷಣ ಬಿಟ್ಟು ದನಿ ಮಾತಾಡಿತು.

ಅವರು ಅದರಿಂದ ಒಂದೆರಡು ಸಾಲು ಓದಿಸಿ ನೋಡಿದರು. ಆಮೇಲೆ ಕೇಳಿದರು: “ಮೊದಲನೇ ಸಲ ತಪ್ಪಿದ್ದು ನಿನಗ ಕಾಣ್ತಿತ್ತು, ಹೌದಲ್ಲ?”

“ಕಾಣ್ತಿತ್ತು.”

ಭೋಜರಾಜರು ತಡವಿ ಹೆಂಡತಿಯ ಕೈ ಹುಡುಕಿದರು. “ಹೇಳಲಿಲ್ಲಲ್ಲ. ಛಲೋ ಮಾಡಿದಿ.”