ಎರಡು ಗುಳಿಗೆ, ಒಂದು ವಂದನಾರ್ಪಣೆ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮ ಮನೆ ಕೆ.ಬಿ. ಬಡಾವಣೆಯಲ್ಲಿತ್ತು, ಯಜಮಾನರು ಹರಿಹರದ ಕಾರ್ಖಾನೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಎರಡನೇ ಹೆರಿಗೆ ಆದಮೇಲೆ ನಾನು ಊದಿಕೊಂಡಿದ್ದೆ. ಬಾಣಂತನದ ಅಂಟಿನುಂಡೆಯ ಮೇಲೆ ಎಲ್ಲರೂ ತಪ್ಪು ಹೊರಿಸುತ್ತಿದ್ದರು. ಅಂಟಿನುಂಡೆ ಮುಗಿದು ವರ್ಷವಾದರೂ ಮೈ ಇಳಿಯದಿದ್ದಾಗ ಆ ಮಾತು ನಿಂತಿತು.

ದಪ್ಪಗಾದದ್ದು ಹೊಸತು. ಮರೆವು ಮಾತ್ರ ಹುಟ್ಟಿದಾಗಿನಿಂದ ನನ್ನ ಜೊತೆಗಿತ್ತು. ಅದನ್ನು ಮರೆವು ಅನ್ನುವುದೂ ಸರಿಯಲ್ಲವೇನೋ, ನನ್ನ ಮನಸ್ಸು ಒಂದು ಕಡೆ ಕೂರುತ್ತಿರಲಿಲ್ಲ, ಅಷ್ಟೆ. ಹಾಲು ಒಲೆಯ ಮೇಲಿಟ್ಟು ಪೇಪರ್ ತಿದ್ದಲು ಕೂತರೆ ಕೆಂಪು ಪೆನ್ನು ನೆನಪಾಗುವುದು. ಪೆನ್ನು ಹುಡುಕಲು ಬೀರು ತೆಗೆದರೆ ಮಡಚದ ಸೀರೆಗಳು ಕಾಣುವುವು. ಸೀರೆ ಮಡಚುತ್ತಾ ಕೂತವಳಿಗೆ ಹಾಲು ಹೊತ್ತಿದ ವಾಸನೆ ಕೂಡ ಯಾರದೋ ಮನೆಯದು ಅನ್ನಿಸುತ್ತಿತ್ತು. ಅತ್ತೆ ಬಂದು ಒಲೆ ಆರಿಸಿ, ಪಾತ್ರೆಯನ್ನು ನನ್ನ ಮುಂದೆ ತಂದಿಡುತ್ತಿದ್ದರು.

ಮೊದಲು ನನ್ನನ್ನು ರಿಪೇರಿಗೆ ಎತ್ತಿಕೊಂಡವರು ನಮ್ಮ ಅತ್ತಿಗೆ, ಯಜಮಾನರ ಅಕ್ಕ. ಹರಿಹರದಲ್ಲಿದ್ದ ಅವರು ಬೊಂಬಾಯಿಗೆ ಹೋಗಿ ಬಂದಿದ್ದರು. ಅಲ್ಲಿ ಅವರ ಬಳಗದ ಹೆಂಗಸೊಬ್ಬಳು ಅನ್ನ, ರೊಟ್ಟಿ, ಸಕ್ಕರೆ ಎಲ್ಲ ಬಿಟ್ಟು ಬರೀ ಮೊಟ್ಟೆ, ಮಾಂಸ, ಬೆಣ್ಣೆ ತಿಂದು ಬಳ್ಳಿಯ ಹಾಗೆ ಆಗಿದ್ದಳಂತೆ. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆಯ ಮಾತೇ ಇಲ್ಲ. ಅತ್ತಿಗೆ ಆ ಪಥ್ಯವನ್ನು ನಮ್ಮ ಅಡುಗೆಮನೆಗೆ ಹೊಂದಿಸಿದರು. ಅನ್ನ, ರೊಟ್ಟಿ, ದೋಸೆ, ಮಂಡಕ್ಕಿ, ಬೆಲ್ಲ, ಬಾಳೆಹಣ್ಣು ಬಂದ್. ಬೆಣ್ಣೆ, ಮೊಸರು, ಶೇಂಗಾ, ಕೊಬ್ಬರಿ, ಸೊಪ್ಪು ಎಷ್ಟಾದರೂ ತಿನ್ನಬಹುದು. ದಾವಣಗೆರೆಯಲ್ಲಿ ಇದ್ದುಕೊಂಡು ಮಂಡಕ್ಕಿ ಬಿಡುವುದು ಅಂದರೆ ಸಂಜೆ ಹೊತ್ತು ಯಾರ ಮನೆಗೂ ಹೋಗುವ ಹಾಗಿಲ್ಲ ಎಂದೇ ಅರ್ಥ. ಅತ್ತೆಗೆ ಇದು ತಲೆಗೇ ಹೋಗಲಿಲ್ಲ. ತೆಳ್ಳಗಾಗಲು ಬೆಣ್ಣೆ ತಿನ್ನುವ ಸೊಸೆಯನ್ನು ತಾವು ಇದೇ ಮೊದಲು ನೋಡುತ್ತಿರುವುದು ಎಂದು ಹಾಲು ಹಾಕುವವಳಿಗೂ ಹೇಳಿದರು.

ಒಂದು ಭಾನುವಾರ ಯಜಮಾನರು ಬೆಣ್ಣೆ ದೋಸೆ ಹೋಟೆಲಿಗೆ ಕರೆದುಕೊಂಡು ಹೋದರು. ನಾನು ಸಪ್ಲಾಯರನಿಗೆ ದೋಸೆ ಬೇಡ, ಬೆಣ್ಣೆ ಮತ್ತು ಚಟ್ನಿ ಮಾತ್ರ ಕೊಡಿ ಅಂದೆ. ಅವನು ಯಜಮಾನರ ಮುಖ ನೋಡಿದ. ಅವರು ಗೋಡೆ ನೋಡಿದರು. ಕೊನೆಗೆ ಬಾಳೆ ಎಲೆಯ ತುಂಡಿನ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಬಂತು. ಅದನ್ನು ಚಮಚದಲ್ಲಿ ತಿನ್ನುತ್ತಾ, ಎದುರಿಗೆ ಗರಿಗರಿ ದೋಸೆ ಮುರಿಯುತ್ತಿದ್ದ ಗಂಡನನ್ನು ನೋಡುತ್ತಾ, ಮದುವೆಯಾದಮೇಲೆ ಮೊದಲ ಸಲ ಅವರ ಮೇಲೆ ನನಗೆ ನಿಜವಾದ ಸಿಟ್ಟು ಬಂತು.

ಹಸಿವು ತಡೆಯಲಾಗದೆ ಎಂ.ಸಿ.ಸಿ. ಬಡಾವಣೆಯ ಒಬ್ಬ ಡಾಕ್ಟರ ಹತ್ತಿರ ಹೋದೆ. ಅವರು ಹೆಚ್ಚು ಮಾತಿನವರಲ್ಲ. ತೂಕ ನೋಡಿ, ಹಸಿವು ಕಟ್ಟುವ ಗುಳಿಗೆ ಬರೆದುಕೊಟ್ಟರು. ಬೆಳಿಗ್ಗೆ ಒಂದು ನುಂಗಿದರೆ ಸಾಕು, ಸಂಜೆಯವರೆಗೆ ಊಟದ ಯೋಚನೆ ಬರುವುದಿಲ್ಲ ಅಂದರು. ಅವರು ಹೇಳಿದ ಹಾಗೇ ಆಯಿತು. ಸ್ಟಾಫ್ ರೂಮಿನಲ್ಲಿ ಪಕ್ಕದವರು ಡಬ್ಬಿ ತೆಗೆದರೆ ಅದು ಚಿತ್ರದಲ್ಲಿರುವ ಊಟದ ಹಾಗೆ ಕಾಣುತ್ತಿತ್ತು. ಬಾಯಿ ಒಣಗುತ್ತಿತ್ತು, ಎದೆ ಸ್ವಲ್ಪ ಚುರುಕಾಗಿ ಬಡಿಯುತ್ತಿತ್ತು. ಮೈ ಹಗುರಾಗುವ ಲಕ್ಷಣ ಅಂದುಕೊಂಡೆ.

ಅದೇ ಹೊತ್ತಿಗೆ ಶಾಲೆಯ ವಾರ್ಷಿಕೋತ್ಸವ ಬಂತು. ನಮ್ಮ ಶಾಲೆಯಲ್ಲೇ ಓದಿ, ಪರದೇಶದಲ್ಲಿ ಮಕ್ಕಳ ಡಾಕ್ಟರಾಗಿದ್ದು, ಆಗ ತಾನೇ ಹರಿಹರಕ್ಕೆ ಮರಳಿ ಕ್ಲಿನಿಕ್ ಇಟ್ಟಿದ್ದವನೊಬ್ಬನನ್ನು ಮುಖ್ಯ ಅತಿಥಿಯಾಗಿ ಕರೆಯಬೇಕೆಂದು ಹೆಡ್ ಮಾಸ್ತರರು ತೀರ್ಮಾನಿಸಿದರು. ಅವನು ನನ್ನ ಸಹಪಾಠಿ, ಹಾಗಾಗಿ ಕರೆಯುವ ಕೆಲಸ ನನಗೇ ಬಂತು. ನಾನು ಹರಿಹರಕ್ಕೆ ಹೋಗಿ ಅವನ ಎದುರು ಕೂತಮೇಲೆ ನೋಡಿದರೆ ಆಹ್ವಾನ ಪತ್ರಿಕೆ ಬಸ್ಸಿನಲ್ಲೇ ಉಳಿದಿತ್ತು. ತಾರೀಕು ಬಾಯಲ್ಲಿ ಹೇಳೋಣವೆಂದರೆ ಅದೂ ನೆನಪಿರಲಿಲ್ಲ.

ಅವನು ನಕ್ಕ. ಶಾಲೆಯಲ್ಲೂ ನಾನು ಹೀಗೇ ಇದ್ದೆನೆಂದು ಜ್ಞಾಪಿಸಿದ. ಪಾಠ ನಡೆಯುವಾಗ ಕಿಟಕಿಯ ಹೊರಗೇ ಇರುತ್ತಿದ್ದೆನಂತೆ. ತಾನಿದ್ದ ದೇಶದಲ್ಲಿ ಒಂದು ಕಡೆ ಕೂರದ, ಲಕ್ಷ್ಯ ನಿಲ್ಲದ ಮಕ್ಕಳಿಗೆ ಒಂದು ಔಷಧಿ ಕೊಡುತ್ತಾರೆ, ಅಂಥ ಮಕ್ಕಳಲ್ಲಿ ಕೆಲವರು ದೊಡ್ಡವರಾದರೂ ಹಾಗೇ ಉಳಿಯುತ್ತಾರೆ ಅಂದ. ಬಹಳ ಹೊತ್ತು ಏನೇನೋ ಕೇಳಿದ. ನನ್ನ ಬಗ್ಗೆ ಅಷ್ಟು ಶ್ರದ್ಧೆಯಿಂದ ಯಾರೂ ಕೇಳಿರಲಿಲ್ಲ. ಕೊನೆಗೆ ಅಲ್ಲಿಂದ ತಾನು ತಂದಿದ್ದ ಆ ಮಾತ್ರೆಯ ಒಂದು ಸಣ್ಣ ಸೀಸೆ ಕೊಡುವ ಮುಂಚೆ, ಬೇರೆ ಔಷಧಿ ಏನಾದರೂ ತಗೊಳ್ಳುತ್ತಿದ್ದೀಯಾ ಎಂದು ಕೇಳಿದ. ಇಲ್ಲ ಅಂದೆ. ಸುಳ್ಳು ಹೇಳಬೇಕೆಂದು ಅಲ್ಲ. ತೆಳ್ಳಗಾಗುವ ಗುಳಿಗೆ ಔಷಧಿ ಅಂತ ನನಗೆ ಹೊಳೆಯಲೇ ಇಲ್ಲ. ನನಗೆ ರೋಗವೇ ಇಲ್ಲದ ಮೇಲೆ ಅದು ಔಷಧಿ ಹೇಗಾದೀತು? ನನ್ನ ಪಾಲಿಗೆ ಅದು ಸ್ನೋ, ಪೌಡರಿನ ಸಾಲಿಗೆ ಸೇರಿದ್ದು.

ಮುಂದಿನ ದಿನಗಳನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ನಾನು ಬೇರೆಯೇ ಹೆಂಗಸಾದೆ. ಪೇಪರುಗಳನ್ನು ಒಂದೇ ಪಟ್ಟಿಗೆ ತಿದ್ದಿ, ಪಕ್ಕದ ಮೇಡಂ ಅವರದ್ದೂ ಇಸಿದುಕೊಂಡು ತಿದ್ದಿದೆ. ಬೀರುವಿನ ಸೀರೆಗಳನ್ನು ಬಣ್ಣದ ಪ್ರಕಾರ ಜೋಡಿಸಿದೆ. ಹಾಲು ಉಕ್ಕುವ ಮುಂಚೆಯೇ ಹೋಗಿ ಅದರ ಎದುರು ನಿಂತಿರುತ್ತಿದ್ದೆ. ನಿದ್ದೆ ಬರುತ್ತಿರಲಿಲ್ಲ, ಆದರೆ ಬೇಕೂ ಅನ್ನಿಸುತ್ತಿರಲಿಲ್ಲ. ಬೆಳಿಗ್ಗೆ ನಮ್ಮ ಅಂಗಳ ಗುಡಿಸಿ ನೀರು ಹಾಕಿ, ಕೈ ನಿಲ್ಲದೆ ಪಕ್ಕದ ಮನೆಯ ಅಂಗಳಕ್ಕೂ ಹಾಕುತ್ತಿದ್ದೆ. ಪಕ್ಕದ ಮನೆಯವರು ಬಟ್ಟೆ ವ್ಯಾಪಾರದ ಸಾಬರು. ಆ ಮನೆಯ ಹಿರಿಯ ಹೆಂಗಸನ್ನು ನಾನು ಆಪಾ ಎಂದೇ ಕರೆಯುತ್ತಿದ್ದೆ. ಒಂದು ದಿನ ಆಪಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿ ಮೆಲ್ಲಗೆ ಹೇಳಿದರು:

"ಅಂಗಳ ಚೆಂದ ಐತ್ರೀ ಟೀಚರ್. ನಿಮ್ಮ ಕಣ್ಣು ಒಂಚೂರು ಕನ್ನಡೀಲಿ ನೋಡ್ಕೊಳ್ರಿ."

ನೋಡಿಕೊಂಡೆ. ಕಣ್ಣು ನನಗೆ ಹೊಳೆಯುತ್ತಿರುವ ಹಾಗೆ ಕಂಡಿತು. ಮೆಚ್ಚುಗೆಯ ಮಾತು ಅಂದುಕೊಂಡೆ.

ವಾರ್ಷಿಕೋತ್ಸವದ ಸಂಜೆ ನನಗೆ ವಂದನಾರ್ಪಣೆ ಒಪ್ಪಿಸಿದ್ದರು. ಹಿಂದಿನ ವರ್ಷ ನಾನು ಅಧ್ಯಕ್ಷರ ಹೆಸರನ್ನೇ ಬಿಟ್ಟಿದ್ದರಿಂದ ಈ ಸಲ ಹೆಡ್ ಮಾಸ್ತರರು ಅಳುಕುತ್ತಲೇ ಒಪ್ಪಿದ್ದರು. ಅವರ ಅಳುಕು ಬೇರೆ ದಾರಿಯಲ್ಲಿ ನಿಜವಾಯಿತು. ನಾನು ಯಾರನ್ನೂ ಬಿಡಲಿಲ್ಲ. ಅತಿಥಿಗಳು, ಆಡಳಿತ ಮಂಡಳಿ, ಪೋಷಕರು ಆದಮೇಲೆ ಶಾಮಿಯಾನದವರು, ಶಾಮಿಯಾನಕ್ಕೆ ಬಿದಿರು ತಂದ ಗಾಡಿಯವರು, ಕರೆಂಟು ತೆಗೆಯದೆ ಉಪಕಾರ ಮಾಡಿದ ಕಚೇರಿಯವರು, ಪರದೆ ಎಳೆದವರು, ಪರದೆ ಹೊಲಿದವರು ಬಂದರು. ಮಾತು ತಾನಾಗಿ ಹರಿಯುತ್ತಿತ್ತು. ಸಭೆಯಲ್ಲಿ ಮೊದಲು ಚಪ್ಪಾಳೆ ಬಂತು, ಆಮೇಲೆ ನಗು, ಆಮೇಲೆ ಮಕ್ಕಳು ಎದ್ದು ಹೋಗುವ ಸದ್ದು. ಹೆಡ್ ಮಾಸ್ತರರು ನನ್ನ ಸೆರಗನ್ನು ಎಳೆಯಲಾಗದೆ ಮೈಕಿನ ವೈರನ್ನು ಎಳೆದರು. ನಾನು ಮೈಕಿಲ್ಲದೆಯೇ ಮುಂದುವರಿಸಿದೆ. ಶಾಲೆಯ ಬಾವಿಯನ್ನು ವಂದಿಸುತ್ತಿದ್ದಾಗ ಎದೆ ಡೋಲಿನ ಹಾಗೆ ಹೊಡೆದುಕೊಂಡು, ಬೆರಳ ತುದಿಗಳು ತಣ್ಣಗಾಗಿ, ದೀಪಗಳೆಲ್ಲ ಒಂದೇ ದೀಪವಾದವು. ಮುಖ್ಯ ಅತಿಥಿಯ ಕುರ್ಚಿಯ ಪಕ್ಕದಲ್ಲೇ ಕುಸಿದು ಕೂತೆ.

ಕಣ್ಣು ಬಿಟ್ಟಾಗ ಹೆಡ್ ಮಾಸ್ತರರ ಕೋಣೆಯಲ್ಲಿದ್ದೆ. ನನ್ನ ಡಾಕ್ಟರ್ ಗೆಳೆಯ, ಕೊರಳಲ್ಲಿ ಸನ್ಮಾನದ ಹಾರ ಹಾಗೇ ಇಟ್ಟುಕೊಂಡು, ನನ್ನ ನಾಡಿ ಹಿಡಿದುಕೊಂಡಿದ್ದ. ಯಜಮಾನರು ಬಾಗಿಲಿಗೆ ಒರಗಿ ನಿಂತಿದ್ದರು. ಅವರ ಮುಖ ಅಷ್ಟು ಬಿಳುಚಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಗೆಳೆಯ ಈ ಸಲ ಔಷಧಿ ಎಂಬ ಪದ ಬಳಸಲಿಲ್ಲ. ಬೆಳಿಗ್ಗೆಯಿಂದ ಬಾಯಿಗೆ ಏನೇನು ಹಾಕಿಕೊಂಡೆ, ಅಷ್ಟನ್ನೂ ಹೇಳು ಅಂದ. ಹೇಳಿದೆ. ತೆಳ್ಳಗಾಗುವ ಗುಳಿಗೆ, ಅವನ ಮಾತ್ರೆ, ಒಂದು ಸೌತೇಕಾಯಿ, ಒಂದು ಉಂಡೆ ಬೆಣ್ಣೆ, ಸಾಕಷ್ಟು ಚಹಾ.

ಅವನು ನಾಡಿ ಬಿಟ್ಟು, ಕೊರಳ ಹಾರ ತೆಗೆದು ಮೇಜಿನ ಮೇಲಿಟ್ಟ.

"ಅವೆರಡೂ ಅಣ್ಣ ತಮ್ಮ ಇದ್ದಂಗೆ. ಒಬ್ಬನ್ನ ನಾನು ಕಳಿಸಿದೆ, ಇನ್ನೊಬ್ಬ ಆಗಲೇ ಮನ್ಯಾಗೆ ಕುಂತಿದ್ದ. ಇಬ್ರೂ ಸೇರಿ ನಿನ್ನ ಎದೆ ಮ್ಯಾಲೆ ಕುಣಿದಾರೆ. ಹೊಟ್ಟೇಲಿ ಅನ್ನನೂ ಇಲ್ಲ. ಇನ್ನ ಎರಡೂ ಬ್ಯಾಡ."

ನನ್ನ ಚೀಲದಿಂದ ಎರಡನ್ನೂ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡ. ಇಂಥದ್ದರಲ್ಲಿ ಜೀವಕ್ಕೇ ಕುತ್ತು ಬರಬಹುದಿತ್ತು ಎಂದು ಯಜಮಾನರಿಗೆ ಹೊರಗೆ ಕರೆದು ಹೇಳಿದನಂತೆ. ಅದು ನನಗೆ ಗೊತ್ತಾದದ್ದು ಎಷ್ಟೋ ದಿನ ಆದಮೇಲೆ. ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎದೆಬಡಿತದ ಇ.ಸಿ.ಜಿ. ಪಟ್ಟಿ ತೆಗೆಸಿದ. ಎದೆಗೇನೂ ಆಗಿಲ್ಲ, ಬೆದರಿದೆ ಅಷ್ಟೆ ಅಂದರು. ವಾರ್ಡಿನಲ್ಲಿ ಮಲಗಿಸಿ, ತಿನ್ನಬಹುದು ಅಂದಾಗ ಯಜಮಾನರು ಅತಿಥಿಗಳಿಗೆಂದು ಮಾಡಿದ್ದ ಉಪ್ಪಿಟ್ಟನ್ನು ಬಾಳೆ ಎಲೆಯಲ್ಲಿ ಕಟ್ಟಿ ತಂದರು. ಆರಿ ಗಟ್ಟಿಯಾಗಿತ್ತು, ಉಪ್ಪೂ ಕಡಿಮೆ. ಅದನ್ನು ತಿನ್ನುವಾಗ ಕಣ್ಣಲ್ಲಿ ನೀರು ಬಂತು. ಯಜಮಾನರು ನೋವಾಗುತ್ತಿದೆಯಾ ಎಂದು ಗಾಬರಿಯಾದರು. ರವೆ ಇಷ್ಟು ರುಚಿ ಅಂತ ಗೊತ್ತಿರಲಿಲ್ಲ ಅಂದೆ.

ಆಮೇಲೆ ಹಗಲು ರಾತ್ರಿ ಎನ್ನದೆ ಮಲಗಿದೆ. ಎಂ.ಸಿ.ಸಿ. ಬಡಾವಣೆಯ ಡಾಕ್ಟರಿಗೆ ನನ್ನ ಗೆಳೆಯ ತಾನೇ ಹೋಗಿ ವಿಷಯ ತಿಳಿಸಿದ. ಅವರಿಬ್ಬರಲ್ಲಿ ಏನು ಮಾತಾಯಿತೋ ತಿಳಿಯದು. ಮುಂದೆ ಆ ಕ್ಲಿನಿಕ್ಕಿಗೆ ಹೋದವರನ್ನೆಲ್ಲ ಡಾಕ್ಟರು ಅವರವರು ಮನೆಯಲ್ಲಿ ನುಂಗುವ ಕಷಾಯ, ಭಸ್ಮದವರೆಗೂ ವಿಚಾರಿಸುತ್ತಿದ್ದರಂತೆ. ಅತ್ತಿಗೆ ಬಂದು ನನ್ನ ಹಾಸಿಗೆಯ ಬಳಿ ಕೂತು, ಪಥ್ಯದಲ್ಲಿ ತಪ್ಪಿಲ್ಲ, ಬೊಂಬಾಯಿಯ ಹವೆ ಬೇರೆ ಎಂದು ವಾದಿಸಿದರು. ಅತ್ತೆ ಎದ್ದುಹೋಗಿ ಬಿಸಿ ರೊಟ್ಟಿ ತಂದು ಇಬ್ಬರಿಗೂ ಹಾಕಿದರು, ಅತ್ತಿಗೆಯೂ ತಿಂದರು.

ಕೆಲವು ತಿಂಗಳ ನಂತರ ಗೆಳೆಯ ನನ್ನನ್ನು ಚೆನ್ನಾಗಿ ಪರೀಕ್ಷಿಸಿ, ತನ್ನ ಮಾತ್ರೆಯೊಂದನ್ನೇ, ಅದೂ ಅರ್ಧ, ಮತ್ತೆ ಕೊಟ್ಟು ನೋಡಿದ. ಅಂಗಳ ತೊಳೆಯುವ ಆವೇಶವಿಲ್ಲದೆ, ಕೈಗೆತ್ತಿಕೊಂಡದ್ದು ಮುಗಿಯುತ್ತಿತ್ತು. ಬೇರೆಯವರ ತಲೆ ಹೀಗೇ ಇರುತ್ತದೆಯೇನೋ ಅಂತ ಆಗ ನನಗೆ ಅನ್ನಿಸಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಸೀಸೆ ಮುಗಿಯಿತು. ನಮ್ಮ ಕಡೆ ಅದು ಸಿಗುತ್ತಿರಲಿಲ್ಲ. ನಾನು ಹಳೆಯ ನಾನೇ ಆದೆ, ಆದರೆ ಅದು ಸೋಮಾರಿತನ ಅಲ್ಲ ಅಂತ ಗೊತ್ತಾಗಿದ್ದರಿಂದ ನನ್ನನ್ನು ನಾನೇ ಬೈಯುವುದು ಕಡಿಮೆಯಾಯಿತು. ಯಜಮಾನರದ್ದೂ ಕಡಿಮೆಯಾಯಿತು.

ತೂಕಕ್ಕೆ ಉಳಿದದ್ದು ನಡಿಗೆ. ಬೆಳಿಗ್ಗೆ ಆಪಾ ಜೊತೆ ಭದ್ರಾ ಕಾಲುವೆಯ ದಂಡೆಯವರೆಗೆ ಹೋಗಿಬರುತ್ತಿದ್ದೆ. ಮೈ ಒಂದಿಷ್ಟು ಇಳಿಯಿತು, ಆಮೇಲೆ ತನಗೆ ಬೇಕಾದಲ್ಲಿ ನಿಂತಿತು. ದಾರಿಯುದ್ದಕ್ಕೂ ಆಪಾ ತಮ್ಮ ತವರಿನ ಕತೆ ಹೇಳುವರು. ಅರ್ಧ ದಾರಿಯಲ್ಲಿ ನನ್ನ ಲಕ್ಷ್ಯ ಕಾಲುವೆಯ ನೀರಿನ ಕಡೆಗೋ, ಕೊಕ್ಕರೆಗಳ ಕಡೆಗೋ ಹೋಗಿಬಿಡುವುದು. ಅದು ಅವರಿಗೆ ತಿಳಿಯುತ್ತಿತ್ತು. ಮಾತು ನಿಲ್ಲಿಸಿ, ನನ್ನ ಜೊತೆ ಕೊಕ್ಕರೆ ನೋಡಿ, ಬೇಸರವಿಲ್ಲದೆ ಬಿಟ್ಟಲ್ಲಿಂದ ಮತ್ತೆ ಶುರು ಮಾಡುವರು.